ಆರನೆಯ ನಕ್ಷೆಯ ಜಗಲಿ

ಎಂಟು ತಿಂಗಳಲ್ಲಿ ಆರು ನಕ್ಷೆ. ಕೇಸಿನಲ್ಲಿ ಸಿಕ್ಕಿಬಿದ್ದ ಹುಡುಗರನ್ನು ಇಟ್ಟುಕೊಂಡು ಕಸುಬು ಕಲಿಸುವ ಕೇಂದ್ರವೊಂದು ಬೇಗೂರಿನ ಬಳಿ ಆಗಬೇಕು. ಅದರ ಆರ್ಕಿಟೆಕ್ಟ್ ನಾನು, ಸಮನ್ವಿತಾ. 'ನಮ್ಮ ಸಂಸ್ಕೃತಿಗೆ ತಕ್ಕಂತಿರಲಿ' ಎಂದು ಮೊದಲ ಮೀಟಿಂಗಿನಲ್ಲಿ ಹೇಳಿದ ಸಮಿತಿ ಆಮೇಲೆ ಕೇಳಿದ್ದೆಲ್ಲ ಬರೀ ಗ್ರಿಲ್ಲು. ಮನೆಯವರು ಮಕ್ಕಳನ್ನು ನೋಡಲು ಬಂದರೆ ಜಾಲರಿಯ ಆಚೆಯಿಂದ ಮಾತಾಡಬೇಕಂತೆ. ಜಗಳವಾಡಿ, ಕೈಕಾಲು ಹಿಡಿದು, ಆ ಜಾಲರಿಯ ಬದಲು ಮುಂಭಾಗಕ್ಕೆ ಒಂದು ಜಗಲಿ ಗಿಟ್ಟಿಸಿಕೊಂಡೆ. ಕೆಂಪು ಗಾರೆ ನೆಲ, ಕಲ್ಲಿನ ಕಂಬ. ಬಸವನಗುಡಿಯ ನಮ್ಮ ತಾತನ ಮನೆಯಲ್ಲಿ ಇದ್ದಂಥದ್ದೇ. ಅದೊಂದು ಉಳಿದರೆ ಸಾಕು, ಮಿಕ್ಕಿದ್ದು ಹಾಳಾಗಿ ಹೋಗಲಿ ಎನ್ನುವಷ್ಟು ಸುಸ್ತಾಗಿದ್ದೆ.

ಬಾಕಿ ಇದ್ದದ್ದು ಒಂದೇ ಸಹಿ, ಹುಡುಗರ ಮನೆಯವರೊಬ್ಬರು ನಕ್ಷೆ ನೋಡಿ ಒಪ್ಪಿದ್ದಾರೆ ಎಂಬ ಕಾಗದಕ್ಕೆ. ಇಲಾಖೆಯ ಇಂಜಿನಿಯರ್ ವೇಣು, ಜಯನಗರದ ನನ್ನ ಆಫೀಸಿಗೆ ಅಂಕಮ್ಮನವರನ್ನು ಕರೆತಂದರು. ಅವರ ಮೊಮ್ಮಗ ಯುವರಾಜ್, ಹುಡುಗರನ್ನು ಸದ್ಯಕ್ಕೆ ಇಟ್ಟಿರುವ ಹಳೆಯ ಶೆಡ್ಡಿನಲ್ಲಿದ್ದಾನೆ. ಇನ್ನೂ ಎರಡು ವರ್ಷಕ್ಕೂ ಹೆಚ್ಚು ಇರಬೇಕು.

ರಟ್ಟಿನ ಮಾದರಿಯ ಸುತ್ತ ಅಂಕಮ್ಮ ನಿಧಾನವಾಗಿ ಒಂದು ಸುತ್ತು ಬಂದರು.

"ನಾವು ಬಂದ್ರೆ ಎಲ್ಲಿ ಕೂರ್ಸ್ತೀರಾ ಮೇಡಂ?"

"ಇಲ್ಲೇ ಅಜ್ಜಿ, ಜಗಲಿ ಮೇಲೆ," ಎಂದೆ. ದನಿಯಲ್ಲಿ ಹೆಮ್ಮೆ ಇತ್ತು, ಸುಳ್ಳೇಕೆ ಹೇಳಲಿ.

"ಒಳಗೆ?"

"ಒಳಗೆ ಮಕ್ಕಳು ಮಾತ್ರ."

ಅವರು ಪುಟ್ಟ ಕಂಬವೊಂದನ್ನು ಬೆರಳಿನಿಂದ ಮುಟ್ಟಿದರು. "ಮೂವತ್ತು ವರ್ಷ ನಿಮ್ಮಂಥೋರ ಮನೆ ಅಂಗಳ ಗುಡ್ಸಿದೀನಿ. ಊಟ, ನೀರು ಎಲ್ಲಾ ಜಗಲಿಗೇ ತಂದು ಹಾಕೋರು. ಹೊಸ್ಲು ದಾಟ್ಸಿದೋರಿಲ್ಲ. ಈಗ ನಮ್ ಹುಡ್ಗಾನೂ ನನ್ನ ಜಗಲಿ ಮೇಲೇ ನೋಡ್ಬೇಕಾ?"

ನನಗೆ ನಾಚಿಕೆಯಾಯಿತು. ಎಂಟು ತಿಂಗಳು ಯಾರ ಪರವಾಗಿ ಬಡಿದಾಡಿದೆ ಅಂದುಕೊಂಡಿದ್ದೆನೋ, ಅವರನ್ನೇ ಹೊರಗೆ ಕೂರಿಸಿದ್ದೆ.

"ವೇಣು, ಇದನ್ನ ಬದಲಾಯಿಸ್ತೀನಿ. ಊಟದ ಹಾಲ್‌ನಲ್ಲೇ ಎಲ್ಲರೂ ಒಟ್ಟಿಗೆ ಕೂತ್ಕೊಳ್ಳಿ," ಎಂದು ಕಾಗದವನ್ನು ಎಳೆದುಕೊಂಡೆ.

ವೇಣು ಹಣೆ ಒತ್ತಿಕೊಂಡರು. "ಫೈಲ್ ಮತ್ತೆ ಮೊದಲಿಂದ ಹೋಗ್ಬೇಕು ಮೇಡಂ. ಇನ್ನೊಂದು ವರ್ಷ ಹೋಯ್ತು ಅಂದ್ಕೊಳ್ಳಿ."

"ಹೋಗ್ಲಿ."

ಅಂಕಮ್ಮ ನನ್ನನ್ನೇ ನೋಡಿದರು. ಅವರ ದಣಿವಿನ ಮುಂದೆ ನನ್ನದು ಏನೂ ಅಲ್ಲ ಅನ್ನಿಸಿತು. "ನಿಮ್ ಮನ್ಸಿಗೆ ಸಮಾಧಾನ ಆಗ್ಲಿ ಅಂತ ಹುಡುಗ್ರು ಇನ್ನೊಂದ್ ವರ್ಷ ಆ ಶೆಡ್ಡಲ್ಲಿ ಬಿದ್ದಿರ್ಬೇಕಾ? ಅಲ್ಲಿ ಕಾಲು ಚಾಚಕ್ಕೂ ಜಾಗ ಇಲ್ಲ. ಕೊಡಿ ಇಲ್ಲಿ."

ಕಾಗದ ನನ್ನ ಕೈಯಿಂದ ಹೋಯಿತು. ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದರು. ಪೆನ್ನನ್ನು ವೇಣು ಕೈಗೆ ಕೊಟ್ಟು ಕೇಳಿದರು, "ಜಗಲಿ ಮೇಲೆ ಕೂರಕ್ಕೆ ಯಾವ ತಿಂಗ್ಳಿಂದ ಬರ್ಬೇಕು ಸಾರ್?"