ಪೆನ್ಸಿಲ್ ಸೊನ್ನೆ

"ಅಂಗಡಿಯವನೇ ಬಂದು ಪೈಪ್ ಕೂರಿಸಿಕೊಡ್ತಾನಂತೆ ಮಾವ, ನಾಳೆ ಬೆಳಿಗ್ಗೆ," ಎಂದು ಸೊಸೆ ಹೇಳಿದಾಗ ಮುದುಕ ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲೆ ಕುಕ್ಕಿದ.

"ಯಾವ ಅಂಗಡಿಯವನು?"

"ಮೀನಿನ ಅಂಗಡಿಯವನು."

"ಸರಿ. ಮೀನು ಮಾರೋನು ಪೈಪ್ ಕೂರಿಸ್ಲಿ. ನಲವತ್ತು ವರ್ಷ ಪೈಪ್ ಕೂರಿಸಿದೋನು ಮೀನು ನೋಡ್ಕೊಂಡು ಕೂತಿರ್ಲಿ. ಹಂಗೇ ಅಲ್ವೇನಮ್ಮ?"

"ನೀವು ಆ ತೊಟ್ಟಿ ಹತ್ರಾನೇ ಬರಲ್ವಲ್ಲ ಮಾವ. ಹೇಗೆ ಕೇಳ್ಲಿ?"

ಅದು ನಿಜ. ನಡುಮನೆಯ ಗೋಡೆಗೆ ಒತ್ತಿ ನಿಂತಿದ್ದ ಆ ಗಾಜಿನ ತೊಟ್ಟಿ ಮಗನದು. ಸಮುದ್ರದ ಮೀನಿಗೆಂದು ಅಳತೆಯ ಉಪ್ಪು ಕಲಸಿ ನೀರು ತುಂಬಿಸುತ್ತಿದ್ದವನೂ ಅವನೇ. ಆಫೀಸಿನಿಂದ ಬೈಕಿನಲ್ಲಿ ಬರುತ್ತಿದ್ದ ಮಗ ಲಾರಿ ಬಡಿದು ತೀರಿಕೊಂಡು ಏಳು ತಿಂಗಳಾಗಿತ್ತು. ಅಂದಿನಿಂದ ಮುದುಕನಿಗೆ ಕಂಡದ್ದರ ಮೇಲೆಲ್ಲ ಸಿಟ್ಟು. ಬೆಳಿಗ್ಗೆ ಸ್ನಾನ ಮಾಡಿ ದೇವರ ಮುಂದೆ ಕೂರುವುದನ್ನು ತಪ್ಪಿಸಿರಲಿಲ್ಲ. ಆದರೆ ದೇವರ ಜೊತೆ ಮಾತು ಬಿಟ್ಟಿದ್ದ. ಅರ್ಧ ಗಂಟೆ ಬಾಯಿ ಬಿಗಿದು ಕೂತು ಎದ್ದು ಬರುತ್ತಿದ್ದ.

ಕೇಸರಿ ಮೈಗೆ ಬಿಳಿ ಪಟ್ಟೆಯ ಜೋಡಿ ಮೀನುಗಳಲ್ಲಿ ಒಂದು ಹೋದ ವಾರ ಮಗುಚಿ ತೇಲಿತ್ತು. ಉಳಿದದ್ದು ಮೇಲಕ್ಕೆ ಬಂದು ಬಾಯಿ ಬಡಿಯುತ್ತಿತ್ತು. ತೊಟ್ಟಿ ಚಿಕ್ಕದು, ನೀರು ಸಾಲದು, ಅದಕ್ಕೇ ಬೇಗ ಕೆಡುತ್ತಿದೆ, ಹೀಗೇ ಬಿಟ್ಟರೆ ಇದೂ ಉಳಿಯುವುದಿಲ್ಲ ಎಂದಿದ್ದ ಅಂಗಡಿಯವನು. ಮಗನಿಗೂ ಅದು ಗೊತ್ತಿತ್ತು. ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಇನ್ನೊಂದು ತೊಟ್ಟಿ ಇಟ್ಟು, ಮೇಲಿನ ನೀರು ಒಂದು ಪೈಪಿನಲ್ಲಿ ಇಳಿದು, ಸ್ಪಂಜು, ಹವಳದ ಚೂರುಗಳ ನಡುವೆ ಸೋಸಿಕೊಂಡು, ಪಂಪಿನಿಂದ ಇನ್ನೊಂದು ಪೈಪಿನಲ್ಲಿ ಮತ್ತೆ ಮೇಲೇರುವಂತೆ ಒಂದು ಚಿತ್ರ ಬರೆದಿಟ್ಟಿದ್ದ.

ಆ ಚಿತ್ರವನ್ನು ಮುದುಕ ಒಮ್ಮೆ ನೋಡಿದ್ದ. ಸೊಸೆ ಈಗ ಅದನ್ನು ಬಿಡಿಸಿ ಮುಂದೆ ಹಿಡಿದಾಗ ಅವನ ಕಣ್ಣು ನೆಟ್ಟಗೆ ಹೋದದ್ದು ಮೇಲೇರುವ ಪೈಪಿನ ತುದಿಗೆ. ನೀರಿನ ಗೆರೆಯ ಕೆಳಗೆ ಪೆನ್ಸಿಲಿನಲ್ಲಿ ಒಂದು ಸೊನ್ನೆ ಸುತ್ತಿ, ಪಕ್ಕದಲ್ಲಿ 'ತೂತು' ಎಂದು ಬರೆದಿತ್ತು.

ಹೋದ ವರ್ಷ ಮಗ ಇದೇ ಕಾಗದ ಹಿಡಿದು ಬಂದು, "ಅಪ್ಪ, ಇದು ಸರಿ ಇದೆಯಾ ನೋಡಿ," ಎಂದಿದ್ದ. ಇವನು ನಕ್ಕಿದ್ದ. "ಪೈಪಲ್ಲಿ ತೂತು ಬಿದ್ರೆ ಮುಚ್ಚೋಕೆ ಜನ ನನ್ನ ಕರೀತಾರೆ. ನೀನು ಹೊಸಾ ಪೈಪಿಗೆ ತೂತು ಕೊರೀತೀಯ. ಒಳ್ಳೆ ಪ್ಲಂಬರಿಗೆ ಹುಟ್ಟಿದೆ ಕಣಪ್ಪ ನೀನು." ಮಗನೂ ನಕ್ಕ ಹಾಗೆ ಮಾಡಿ ಕಾಗದ ಮಡಚಿಕೊಂಡು ಹೋಗಿದ್ದ. ಮತ್ತೆ ಅದರ ಸುದ್ದಿ ಎತ್ತಲಿಲ್ಲ.

ಮರುದಿನ ಮುದುಕ ತನ್ನ ಹಳೆಯ ಚೀಲ ಬಿಚ್ಚಿದ. ಅಂಗಡಿಯವನು ಕಳಿಸಿದ ತೊಟ್ಟಿಯನ್ನು ಕಪಾಟಿನಲ್ಲಿ ಕೂರಿಸಿ, ಪೈಪು ಅಳೆದು, ಕೊಯ್ದು, ಅಂಚಿಗೆ ಮರಳುಕಾಗದ ಉಜ್ಜಿ, ಸಲ್ಯೂಷನ್ ಅಂಟು ಹಚ್ಚಿ ಮೂಲೆಮೂಲೆಯ ಒಂದೊಂದು ಎಲ್ಬೋವನ್ನೂ ತಿರುಚಿ ಕೂರಿಸಿದ. ನೀರು ತಳದವರೆಗೂ ಕದಡಲಿ ಎಂದು ಮೇಲೇರುವ ಪೈಪಿನ ಬಾಯನ್ನು ತೊಟ್ಟಿಯ ತಳದ ಹತ್ತಿರಕ್ಕೇ ಇಳಿಸಿದ.

"ತೂತು ಹಾಕ್ಲಿಲ್ವಾ ಮಾವ?"

"ಅದರ ಕೆಲಸ ಏನು ಗೊತ್ತಾ ನಿನಗೆ?"

"ಕರೆಂಟ್ ಹೋದಾಗ ಪಂಪ್ ನಿಲ್ಲುತ್ತೆ. ಮೇಲಿನ ನೀರು ಅದೇ ಪೈಪಲ್ಲಿ ವಾಪಸ್ ಇಳಿಯೋಕೆ ಶುರುವಾಗುತ್ತೆ. ತೂತಿದ್ರೆ ಗಾಳಿ ಎಳ್ಕೊಂಡು ನಿಲ್ಲುತ್ತೆ, ಅಂತ ಅವರು ಹೇಳಿದ್ರು."

"ಅದಕ್ಕೇ ವಾಲ್ವ್ ಅಂತ ಇರೋದು. ನೀರನ್ನ ಒಂದೇ ಕಡೆ ಬಿಡುತ್ತೆ, ವಾಪಸ್ ಬಿಡಲ್ಲ. ಇಗೋ ಹಾಕಿದೀನಿ. ನಾನು ಹಾಕಿದ ವಾಲ್ವ್ ಇವತ್ತಿನವರೆಗೂ ಕೈಕೊಟ್ಟಿಲ್ಲ. ಪೈಪಿಗೆ ತೂತು ಕೊರೆಯೋದು ಕೆಲಸ ಬರದೋರು."

"ಅವರು ಬರೆದಿದ್ದು ಹಾಗೆ ಮಾವ."

"ಅವನಿಗೆ ಕೆಲಸ ಕಲಿಸ್ತೀನಿ ಬಾ ಅಂದ್ರೆ ಬಂದ್ನಾ? ಕಾಗದದ ಮೇಲೆ ಗೀಚೋಕೆ ಯಾರಿಗೆ ಬರಲ್ಲ?"

ಸೊಸೆ ಚಿತ್ರವನ್ನು ಮಡಚಿ ಉಪ್ಪಿನ ಡಬ್ಬದ ಅಡಿಗೆ ಸೇರಿಸಿದಳು. ಮಗನೂ ಅಲ್ಲೇ ಇಟ್ಟಿರುತ್ತಿದ್ದ.

ಒಂಬತ್ತು ದಿನ ಎಲ್ಲ ಸರಿಯಾಗಿತ್ತು. ನೀರು ಕನ್ನಡಿಯ ಹಾಗಾಯಿತು. ಮೀನು ಬಾಯಿ ಬಡಿಯುವುದನ್ನು ಬಿಟ್ಟು ತಿನ್ನತೊಡಗಿತು. ಮುದುಕ ಹೋಗುತ್ತ ಬರುತ್ತ ಕಪಾಟಿನ ಬಾಗಿಲು ತೆರೆದು, ಒಂದು ಹನಿಯೂ ಸೋರದ ಕೀಲುಗಳನ್ನು ಸವರಿ ನೋಡುತ್ತಿದ್ದ.

ಹತ್ತನೆಯ ದಿನ ಬೆಳಿಗ್ಗೆ ದೇವರ ಮುಂದೆ ಕೂತಿದ್ದಾಗ ಫ್ಯಾನ್ ನಿಂತಿತು. ಕರೆಂಟು ಹೋಯಿತು ಎಂದುಕೊಂಡು ಕೂತೇ ಇದ್ದ. ಸೊಸೆ ತಾರಸಿಯ ಮೇಲೆ ಬಟ್ಟೆ ಒಣಗಹಾಕುತ್ತಿದ್ದಳು. ಸ್ವಲ್ಪ ಹೊತ್ತಿಗೆ ಯಾರೋ ಬಾಗಿಲು ಬಡಿದರು. ಕೆಳಮನೆಯ ಟೀಚರಮ್ಮ.

"ಯಜಮಾನ್ರೇ, ನಮ್ಮನೇಲಿ ಉಪ್ಪಿನ ಮಳೆ ಬರ್ತಾ ಇದೆ. ನಾಲಿಗೆಗೆ ಬಿತ್ತು, ಅದಕ್ಕೇ ಗೊತ್ತಾಯ್ತು. ಪ್ಲಂಬರ್ ಮನೆ ಕೆಳಗಿದ್ದೂ ನಮಗೆ ಈ ಗತಿನಾ?"

ಮುದುಕ ತಿರುಗಿ ನೋಡಿದ. ಕಪಾಟಿನ ಬಾಗಿಲ ಸಂದಿಯಿಂದ ನೀರು ಹಾಳೆಯಂತೆ ಇಳಿದು ನೆಲ ತುಂಬಿತ್ತು. ಮೇಲಿನ ತೊಟ್ಟಿ ಮುಕ್ಕಾಲು ಖಾಲಿ. ಮೀನು ತಳದ ಮರಳಿನ ಮೇಲೆ ನಾಲ್ಕು ಬೆರಳು ನೀರಿನಲ್ಲಿ ಅಡ್ಡಾದಿಡ್ಡಿ ಹೊರಳುತ್ತಿತ್ತು. ವಾಪಸ್ ಇಳಿಯುತ್ತಿದ್ದ ನೀರು ನಿಲ್ಲಲು ಮೇಲೇರುವ ಪೈಪಿನ ಬಾಯನ್ನು ನೀರಿನಿಂದ ಮೇಲೆತ್ತಿದರೆ ಸಾಕಿತ್ತು. ಹಿಡಿದು ಎಳೆದ. ಅಲುಗಲಿಲ್ಲ. ಅವನ ಕೈಯಿಂದಲೇ ಆದ ಕೀಲು, ಅಷ್ಟು ಗಟ್ಟಿ. ಚೀಲದಿಂದ ಗರಗಸ ಎಳೆದು ಪೈಪಿನ ಮೇಲ್ತುದಿಯನ್ನು ಕೊಯ್ಯತೊಡಗಿದ. ಗರಗಸದ ಹಲ್ಲು ಪೈಪಿನ ಒಳಕ್ಕೆ ಇಳಿದದ್ದೇ ತಡ, ಪೈಪು ಗೊಳಕ್ಕೆಂದು ಗಾಳಿ ಎಳೆದುಕೊಂಡಿತು. ನೀರು ನಿಂತಿತು.

ಗರಗಸ ಹಿಡಿದವನು ಹಾಗೇ ನಿಂತ. ಕೊಯ್ದ ಸಂದಿ ಒಂದು ಉಗುರಿನಷ್ಟೂ ಇರಲಿಲ್ಲ.

ಸೊಸೆ ಇಳಿದು ಬಂದಳು. ಟೀಚರಮ್ಮ ಅವಳ ಮುಖ ನೋಡಿ ಸದ್ದಿಲ್ಲದೆ ಕೆಳಗೆ ಹೋದರು.

"ಅವರು ಕೇಳಿದಾಗ ನಕ್ಕಿದ್ರಿ," ಎಂದಳು. ದನಿ ಎತ್ತರಿಸಲಿಲ್ಲ. "ನಾನು ಕೇಳಿದಾಗ ಬೈದ್ರಿ. ನೀವು ನಕ್ಕಿದ್ದ ದಿನ ರಾತ್ರಿ ಅವರು ಊಟ ಮಾಡ್ಲಿಲ್ಲ, ಗೊತ್ತಾ ನಿಮಗೆ?"

"ಅವನು ಹೇಳ್ಬೇಕಿತ್ತು," ಮುದುಕ ಗರಗಸವನ್ನು ನೆಲಕ್ಕೆಸೆದ. "ಅಪ್ಪ, ನೀನು ತಪ್ಪು ಅಂತ ಬಾಯಿ ಬಿಟ್ಟು ಹೇಳ್ಬೇಕಿತ್ತು. ಜಗಳ ಆಡ್ಬೇಕಿತ್ತು ನನ್ನ ಹತ್ರ. ಕಾಗದ ಮಡಚ್ಕೊಂಡು ಸುಮ್ನೆ ಹೊರಟುಹೋದ್ರೆ ನನಗೆ ಹೇಗೆ ಗೊತ್ತಾಗ್ಬೇಕು? ಹೇಗೆ ಗೊತ್ತಾಗ್ಬೇಕು ಹೇಳು."

ಸೊಸೆ ಹಿಂದಿನ ದಿನವೇ ಉಪ್ಪು ಕಲಸಿಟ್ಟಿದ್ದ ಡ್ರಮ್ಮನ್ನು ಎಳೆದು ತಂದು, ಚೊಂಬಿನಿಂದ ಮೀನಿನ ಮೇಲೆ ನಿಧಾನವಾಗಿ ನೀರು ಹೊಯ್ಯತೊಡಗಿದಳು. ಮುದುಕ ನೆಲ ಒರೆಸಿದ. ಆಮೇಲೆ ವಾಲ್ವನ್ನು ಕೊಯ್ದು ಬಿಚ್ಚಿದ. ಒಳಗಿನ ಮುಚ್ಚಳದ ಅಂಚಿಗೆ ಉಪ್ಪು ಹೆಪ್ಪುಗಟ್ಟಿ, ಅದು ಬಾಯಿ ತೆರೆದುಕೊಂಡೇ ನಿಂತಿತ್ತು. ನಲವತ್ತು ವರ್ಷ ಅವನು ಹಾಕಿದ ವಾಲ್ವುಗಳೆಲ್ಲ ಸಿಹಿನೀರಿನವು.

ಹೊಸ ಪೈಪು ಅಳೆದು ಕೊಯ್ದ. ಡ್ರಿಲ್ಲಿಗೆ ಕರೆಂಟು ಇರಲಿಲ್ಲ, ಕೈಬೈರಿಗೆ ತೆಗೆದುಕೊಂಡ.

"ಆ ಚಿತ್ರ ತಾರಮ್ಮ."

ಅವಳು ತಂದು ಅವನ ಮುಂದೆ ಹಿಡಿದಳು. ಅವನು ಬೈರಿಗೆಯ ಮೊನೆಯನ್ನು ಪೈಪಿನ ಮೇಲೆ ಇಟ್ಟ.

"ಅಲ್ಲಲ್ಲ ಮಾವ, ಇನ್ನೂ ಸ್ವಲ್ಪ ಮೇಲೆ. ಗೆರೆಗೆ ಅಂಟ್ಕೊಂಡ ಹಾಗೆ ಬರೆದಿದ್ದಾರೆ."

"ಇಲ್ಲೇನಾ?"

"ಹೂಂ. ಅಲ್ಲೇ."

ಮಧ್ಯಾಹ್ನದ ಹೊತ್ತಿಗೆ ಕರೆಂಟು ಬಂತು. ಪಂಪು ಗುನುಗತೊಡಗಿತು. ತೂತಿನಿಂದ ನೀರಿನ ಎಳೆಯೊಂದು ಚಿಮ್ಮಿ ಮೇಲ್ಮೈಯನ್ನು ನಡುಗಿಸುತ್ತಿತ್ತು. ಮೂಲೆಯಲ್ಲಿ ಅಡಗಿದ್ದ ಮೀನು ಹೊರಗೆ ಬಂದಿತ್ತು.

"ಆರಿಸು," ಎಂದ ಮುದುಕ.

ಸೊಸೆ ಸ್ವಿಚ್ಚು ಒತ್ತಿದಳು. ಮೇಲಿನ ನೀರು ಒಂದು ಬೆರಳು ಇಳಿಯಿತು. ಪೈಪು ಒಮ್ಮೆ ಉಸಿರೆಳೆದುಕೊಂಡಿತು. ಎಲ್ಲ ನಿಂತಿತು. ಕೆಳಗಿನ ತೊಟ್ಟಿಯ ಅಂಚಿಗೆ ಇನ್ನೂ ಮೂರು ಬೆರಳು ಜಾಗವಿತ್ತು.

ಇಬ್ಬರೂ ಒದ್ದೆ ನೆಲದ ಮೇಲೆ ಕೂತಿದ್ದರು.

"ಹಾಕ್ಲಾ ಮಾವ?"

ಅವಳು ಹಾಕಿದಳು. ನೀರು ಮತ್ತೆ ಗೆರೆಯವರೆಗೂ ಏರಿತು. ಮುದುಕ ಮೊಣಕಾಲ ಮೇಲೆ ಎದ್ದು, ಕನ್ನಡಕ ತೆಗೆದು, ಕಿವಿಯನ್ನು ಪೈಪಿನ ಹತ್ತಿರಕ್ಕೆ ತಂದ.

"ಇನ್ನೊಂದ್ಸಲ ಆರಿಸು," ಎಂದ.