ಮೊಣಕಾಲಿನ ಸೂಜಿ

ನಮ್ಮ ಅತ್ತೆ ರಾಮವ್ವನಿಗೆ ಒಲೆಯ ಮುಂದಿನ ಜಾಗವೆಂದರೆ ಗದ್ದುಗೆ. ನಾನು ಸೊಸೆಯಾಗಿ ಬಂದು ಇಷ್ಟು ವರ್ಷವಾದರೂ ರೊಟ್ಟಿ ಬಡಿಯುವುದು ಅವರೇ. ನನ್ನದೇನಿದ್ದರೂ ಪಲ್ಯ, ಪಾತ್ರೆ. ಈ ಸುಗ್ಗಿಯಲ್ಲಿ ಅವರ ಬಲಮೊಣಕಾಲು ಮಡಚದಾಯಿತು. ಕೆಳಗೆ ಕೂತರೆ ಎಬ್ಬಿಸಲು ಇಬ್ಬರು ಬೇಕು. ಹಂಚು ನನ್ನ ಕೈಗೆ ಬಂತು. ನನ್ನ ರೊಟ್ಟಿ ಹರಿದಾಗಲೆಲ್ಲ ಅವರ ಮುಖ ಅರಳುತ್ತಿತ್ತು. ಸುಳ್ಳೇಕೆ ಹೇಳಲಿ, ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕೀಲಿಗೇ ಹಾಕುವ ಸೂಜಿಯಿದೆ, ನೋವು ನಿಲ್ಲುತ್ತದೆ ಎಂದು ಕೇಳಿದ್ದೇ ತಡ, ಅಣ್ಣಿಗೇರಿಯ ದವಾಖಾನೆಗೆ ಹೊರಟರು. ಆದರೆ ಅವರಿಗೆ ಸಕ್ಕರೆ ಕಾಯಿಲೆ. ಗುಳಿಗೆ ನೆನಪಾದರೆ ನುಂಗುವುದು, ಇಲ್ಲದಿದ್ದರೆ ಇಲ್ಲ. ಪಕ್ಕದ ಮನೆಯ ಜರೀನಾಬಿ ಇಂಥದೇ ಸೂಜಿಯಾದ ಮೇಲೆ ಸಕ್ಕರೆ ಏರಿ, ಎಚ್ಚರ ತಪ್ಪಿ ಬಿದ್ದಿದ್ದನ್ನು ಇಬ್ಬರೂ ಕಂಡಿದ್ದೆವು.

ಬಸ್ಸಿನಲ್ಲಿ ನನ್ನ ತೊಡೆ ಚಿವುಟಿ ಹೇಳಿದರು: “ಮಲ್ಲಿಕಾ, ಡಾಕ್ಟರ ಮುಂದ ಸಕ್ಕರಿ ಸುದ್ದಿ ತಗದೀ ಅಂದ್ರ ನೋಡ ಮತ್ತ. ಒಲಿ ಬಿಟ್ಟ ಏಳಾಕ ಮನಸ್ಸಿಲ್ಲ ನಿನಗ, ನನಗ ಗೊತ್ತೈತಿ.”

ಅತ್ತ ದರಿ, ಇತ್ತ ಪುಲಿ. ಹೇಳಿದರೆ ಒಲೆಗಾಗಿ ಹೇಳಿದಳು ಎನ್ನುತ್ತಾರೆ. ಹೇಳದಿದ್ದರೆ ಅತ್ತೆ ಉಳಿಯಬೇಕಲ್ಲ?

ಡಾಕ್ಟರು ಮೊಣಕಾಲು ಒತ್ತಿ ನೋಡಿ, “ಶುಗರ್ ಐತೇನ್ರಿ ಅಮ್ಮಾ?” ಎಂದರು.

“ಇಲ್ರೀ ಸಾಹೇಬ್ರ. ಕಲ್ಲ ತಿಂದು ಅರಗಿಸ್ಕೊಂತೀನಿ ನಾ.”

ಅತ್ತೆ ನನ್ನ ಕಡೆ ನೋಡಲೇ ಇಲ್ಲ. ಡಾಕ್ಟರು ಮೊಣಕಾಲನ್ನು ಔಷಧಿ ಹಚ್ಚಿ ಒರೆಸಿದರು. ಸಿರಿಂಜಿಗೆ ಮದ್ದು ಎಳೆದರು. ಸುಮ್ಮನಿದ್ದರೆ ನಾನು ಒಳ್ಳೆಯ ಸೊಸೆ. ಸೂಜಿಯ ತುದಿ ಚರ್ಮದ ಹತ್ತಿರ ಬಂತು.

“ತಡೀರಿ! ಸಕ್ಕರಿ ಐತ್ರಿ ಅವರಿಗೆ. ಗುಳಿಗಿನೂ ನೆಟ್ಟಗ ತಗೊಳ್ಳೂದಿಲ್ರಿ.”

ಬೆರಳು ಚುಚ್ಚಿ ರಕ್ತ ನೋಡಿದ ಡಾಕ್ಟರು ಸಿರಿಂಜನ್ನು ಕೆಳಗಿಟ್ಟರು. “ಇಷ್ಟ ಏರಿದಾಗ ಹಾಕೂದಿಲ್ರಿ. ಮೊದಲ ಸಕ್ಕರಿ ಇಳಿಸ್ಕೊಂಡ ಬರ್ರಿ, ಆಮ್ಯಾಲ ನೋಡೂಣು.”

ಹೊರಗೆ ನಮ್ಮೂರಿನ ಮಾದೇವಿ ಪಾಳಿ ಕಾಯುತ್ತಿದ್ದಳು. ಅತ್ತೆ ಎಲ್ಲರಿಗೂ ಕೇಳುವಂತೆ, “ನನ್ನ ಸೊಸಿ ಸೂಜಿ ಹಾಕಿಸ್ಕೊಳ್ಳಾಕ ಬಿಡಲಿಲ್ಲ ನೋಡವಾ. ಒಲಿ ಬೇಕಾಗೇತಿ ಆಕಿಗೆ” ಎಂದರು.

ಸಂಜೆಯೊಳಗೆ ಊರೆಲ್ಲ ಇದೇ ಮಾತಾಗುತ್ತದೆ. ನನಗೆ ಅಳುವೂ ಬಂತು, ಸಿಟ್ಟೂ ಬಂತು.

“ಹೌದ್ರಿ,” ಎಂದೆ, “ನಾನ ಬಿಡಲಿಲ್ಲ.”

ಮೆಟ್ಟಿಲಿಳಿಯಲು ಕೈ ಕೊಟ್ಟೆ, ಕೊಸರಿದರು. ಗೋಡೆ ಹಿಡಿದು ಒಂದು ಮೆಟ್ಟಿಲಿಳಿಯುವಷ್ಟರಲ್ಲಿ ನೋವಿಗೆ ಮುಖ ಕಿವುಚಿದರು. ಮುಂದಿನದಕ್ಕೆ ತಾವೇ ನನ್ನ ತೋಳು ಹಿಡಿದರು, ಉಗುರು ಊರುವಷ್ಟು ಗಟ್ಟಿಯಾಗಿ.

“ಇವತ್ತಿನಿಂದ ಗುಳಿಗಿ ನೀನ ಕೊಡ,” ಎಂದರು. “ಆ ಒಲಿ ಮತ್ತ ನಂದ ಆಗಬೇಕು.”