ಅಕ್ಕ ಕೂತಲ್ಲೇ ನಡೆದ ಎಂಟು ಸಾವಿರ ಹೆಜ್ಜೆ

ಚಳಿಗಾಲ, ಬುಧವಾರ, ಬೆಳಗ್ಗೆ ಏಳು ಗಂಟೆ. ಮಗಳು ಅಪ್ಪನ ಮಣಿಕಟ್ಟಿಗೆ ಹೆಜ್ಜೆ ಎಣಿಸುವ ಪಟ್ಟಿ ಕಟ್ಟಿದಳು. ಅಪ್ಪ ಬದುಕಿಡೀ ಸರಪಳಿ ಎಳೆದು ಜಮೀನು ಅಳೆದವರು. ಬೀದಿಗೆಲ್ಲ ಮೋಜಣಿ ತಾತ.

"ದಿನಕ್ಕೆ ಎರಡು ಸಾವಿರ ಆಗ್ಬೇಕು. ಆಗ್ಲಿಲ್ವೋ, ಶನಿವಾರದಿಂದ ಆಯಾ ಬಂದು ಕೈ ಹಿಡ್ಕೊಂಡು ನಡೆಸ್ತಾಳೆ."

ಗಾಲಿಯ ವಾಕರ್ ತಳ್ಳುವುದನ್ನೇನೋ ತಾತ ಸಹಿಸಿಕೊಂಡಿದ್ದರು. ಕೂಸಿನ ಹಾಗೆ ಕೈ ಹಿಡಿಸಿಕೊಂಡು ಬೀದಿಗಿಳಿಯುವುದೆಂದರೆ?

ಅಂದೇ ವಾಕರ್ ತಳ್ಳಿಕೊಂಡು ಅಂಚೆ ಕಚೇರಿ ಮುಟ್ಟಿ ಬಂದರು. ಬಾಯಲ್ಲಿ ಎಣಿಸಿದ್ದು ಎರಡು ಸಾವಿರದ ನೂರು. ಪಟ್ಟಿ ಹೇಳಿದ್ದು ಅರವತ್ತೊಂದು.

"ಏನಪ್ಪಾ, ಹಾಸಿಗೆಯಿಂದ ಬಚ್ಚಲಿಗೆ ಹೋಗಿ ಬಂದ್ಯಾ?" ಎಂದಳು ಮಗಳು.

ಮಾರನೆಯ ದಿನ ಮಗಳು ಕೆಲಸಕ್ಕೆ ಹೋದದ್ದೇ ತಡ, ತಾತ ಆ ಪಟ್ಟಿಯನ್ನು ಜಗಲಿಯ ಕುರ್ಚಿಯಲ್ಲಿದ್ದ ತಮ್ಮ ಅಕ್ಕನ ಕೈಗೆ ಕಟ್ಟಿದರು. ಅಕ್ಕನ ಕಾಲು ಗಟ್ಟಿ, ಆದರೆ ಕುರ್ಚಿ ಬಿಟ್ಟು ಏಳುವ ಜೀವವಲ್ಲ. ಕೈ ಬೀಸದೆ ಮಾತಾಡಿದ್ದೂ ಇಲ್ಲ. ತಾತ ಕಿಡಿಯೊಂದನ್ನು ಹಾಕಿದರು:

"ಅಕ್ಕಾ, ಆಚೆಮನೆಯವ್ರು ಗೋಡೆ ಒಂದಡಿ ಈಚೆ ಕಟ್ಟಿದಾರಂತೆ?"

"ಒಂದಡಿನಾ? ಆ ಮನೆಹಾಳರು..." ಎಂದು ಶುರುವಾದದ್ದು ಸಂಜೆಯವರೆಗೂ ನಿಲ್ಲಲಿಲ್ಲ.

ತಿರುಗಿ ತಾತನ ಕೈ ಸೇರಿದ್ದ ಪಟ್ಟಿ ನೋಡಿ ಮಗಳು ಹೌಹಾರಿದಳು. "ಎಂಟು ಸಾವಿರ! ಈ ಮಂಡಿ ಇಟ್ಕೊಂಡು? ನಿನ್ನ ತಡೆಯೋಕಾದ್ರೂ ಆಯಾ ಬೇಕೇ ಬೇಕು!" ಆಗಲೇ ಫೋನು ಮಾಡಿ ಬರಹೇಳಿದಳು.

ಕಡಿಮೆಯಾದರೂ ಆಯಾ, ಹೆಚ್ಚಾದರೂ ಆಯಾ. ತಾತ ಬೇರೆ ದಾರಿ ಕಾಣದೆ ನಿಜ ಒಪ್ಪಿಕೊಂಡರು. ಮಗಳು ನಂಬಲಿಲ್ಲ.

"ಮೊದ್ಲು ಸರಪಳಿ ಅಳೀಬೇಕು ಮಗಾ, ಆಮೇಲೆ ಹೊಲ," ಎಂದರು ತಾತ. "ಹಳೇ ಸರಪಳಿ ಜಗ್ಗಿರುತ್ತೆ. ನಾಳೆ ನೀನೇ ಎಣಿಸು."

ಶುಕ್ರವಾರ ಬೆಳಗ್ಗೆ ಬೀದಿಯಲ್ಲಿ ವಾಕರ್ ಹಿಡಿದು ನೂರು ಹೆಜ್ಜೆ. ಮಗಳು ಜೋರಾಗಿ ಎಣಿಸಿದಳು. ಮಣಿಕಟ್ಟಿನ ಪಟ್ಟಿ: ಮೂರು. ಅದನ್ನೇ ಕಣಕಾಲಿಗೆ ಕಟ್ಟಿ ಮತ್ತೆ ನೂರು: ತೊಂಬತ್ತೇಳು.

"ವಾಕರ್ ಹಿಡಿದ ಕೈ ಅಲ್ಲಾಡೋದೇ ಇಲ್ಲ, ಅಲ್ವಾ?" ಎಂದು ಮಗಳು ಹಣೆ ಚಚ್ಚಿಕೊಂಡಳು. ಆಮೇಲೆ ನಿಧಾನವಾಗಿ ಜಗಲಿಯ ಕಡೆ ತಿರುಗಿದಳು. "ಅತ್ತೇ, ನಿಮ್ಮ ಕಾಲಿಗೂ ಒಂದಿನ ಕಟ್ಟೋಣ."

ಸಂಜೆಗೆ ಲೆಕ್ಕ ನಲವತ್ತೆರಡು.

"ಆಯಾಗೆ ಹೇಳಿ ಆಗಿದೆ. ಬರೋಳನ್ನ ಬೇಡ ಅನ್ನೋಕಾಗುತ್ತಾ?" ಎಂದಳು ಮಗಳು. ತಾತ ಚಾವಣಿ ನೋಡುತ್ತ ಕೂತರು.

ಒಂದು ಕೈ ಆಯಾಳ ಹಿಡಿತದಲ್ಲಿ, ಇನ್ನೊಂದು ತಮ್ಮನ ಜನ್ಮ ಜಾಲಾಡುವುದರಲ್ಲಿ, ಶನಿವಾರ ಏಳೂವರೆಗೆ ಗೇಟು ದಾಟಿ ಹೋದವರು ಅಕ್ಕ.